ಹಗೇವಿನ ಕಮರುದ್ದೀನ ಗಣಿಗೆ ಹೋದದ್ದು

ಗೋಪನಕೊಪ್ಪದಲ್ಲಿ ಕಮರುದ್ದೀನರು ಇಬ್ಬರಿದ್ದರು. ಒಬ್ಬ ಟಾಂಗಾ ಹೊಡೆಯುತ್ತಿದ್ದ. ಅವನು ಟಾಂಗಾ ಕಮರುದ್ದೀನ. ಇನ್ನೊಬ್ಬ ನಮ್ಮ ಗೋಡೆಗೆ ಗೋಡೆ ಹಚ್ಚಿ ಮನೆ ಇದ್ದವನು. ಅವನಿಗೆ ಊರವರು ಇಟ್ಟ ಹೆಸರು ಅಂಜುಬುರುಕ ಕಮರುದ್ದೀನ. ಎದುರಿಗೇ ಹಾಗೆ ಕರೆಯುತ್ತಿದ್ದರು, ಆತ ನಕ್ಕು ಸುಮ್ಮನಾಗುತ್ತಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನಾನು ಆ ಊರಿಗೆ ಸೊಸೆಯಾಗಿ ಬಂದವಳು. ಬಾಯಿ ಜೋರು ಎಂದು ಅತ್ತೆಯಿಂದ ದಿನಾ ಬೈಸಿಕೊಳ್ಳುತ್ತಿದ್ದವಳು. ಆದರೂ ಕಟ್ಟೆಯ ಮೇಲೆ ಕುಳಿತ ಗಂಡಸರು ಹಾಗೆ ಕರೆದಾಗ, "ಕಾಕಾ ಇಳಿಯೋ ಹಗೇವಿನ್ಯಾಗ ನೀವು ಒಮ್ಮೆ ಬಗ್ಗಿ ನೋಡ್ರಿ, ಆಮ್ಯಾಲ ಮಾತಾಡ್ರಿ" ಎಂದು ಒಳಗಿನಿಂದಲೇ ಕೂಗಿಬಿಡುತ್ತಿದ್ದೆ.

ಹಗೇವು ಎಂದರೆ ಈಗಿನ ಹುಡುಗರಿಗೆ ತಿಳಿಯಲಿಕ್ಕಿಲ್ಲ. ಆಗ ನಮ್ಮ ಕಡೆ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಆಳೆತ್ತರಕ್ಕಿಂತ ಆಳವಾಗಿ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಹಚ್ಚಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಆದರೆ ಒಳಗೆ ಝಳ, ಅಂದರೆ ಕೆಟ್ಟ ಗಾಳಿ, ಕಟ್ಟುತ್ತಿತ್ತು. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ. ಕಲ್ಲು ತೆಗೆದ ಕೂಡಲೇ ಇಳಿದವನು ಕಾಲು ಊರುವುದರೊಳಗೆ ಕುಸಿಯುತ್ತಾನೆ. ಅಯ್ಯೋ, ಏನಾಯಿತು ಎಂದು ಬಗ್ಗಿ ನೋಡಿದವನು ಅವನ ಮೇಲೆಯೇ ಬೀಳುತ್ತಾನೆ. ನನ್ನ ತವರಿನಲ್ಲಿ ಒಂದೇ ಹಗೇವು ಅಣ್ಣ ತಮ್ಮ ಇಬ್ಬರನ್ನೂ ನುಂಗಿದ್ದನ್ನು ನಾನು ಬಲ್ಲೆ.

ಕಮರುದ್ದೀನ ಕಾಕಾ ಅಂಥ ಹಗೇವು ತೆಗೆಯುವ ಕೆಲಸದವನು. ಆತನಿಗೆ ಅಂಜಿಕೆ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಕಲ್ಲು ಸರಿಸಿ ದೂರ ಹೋಗಿ ಕೂಡುತ್ತಿದ್ದ. ಸಾಹುಕಾರರು ಎಷ್ಟೇ ಅವಸರ ಮಾಡಲಿ, ಏಳುತ್ತಿರಲಿಲ್ಲ. ಆಮೇಲೆ ಕಂದೀಲು ಕಟ್ಟಿ ಇಳಿಬಿಡುವುದು, ಅದು ಆರಿದರೆ ಬೇವಿನ ಟೊಂಗೆ ಒಳಗೆ ಬಿಟ್ಟು ಗಾಳಿ ಕಲಕುವುದು, ಮತ್ತೆ ಕಂದೀಲು. ಅದು ನೆಟ್ಟಗೆ ಉರಿದ ಮೇಲೆ ಸೊಂಟಕ್ಕೆ ಪುಂಡಿ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯಬೇಕು, ಒಬ್ಬ ಮೇಲೆ ಹಗ್ಗ ಹಿಡಿಯಬೇಕು. ಇಳಿದವನು ಬಾಯಿ ಮುಚ್ಚುವ ಹಾಗಿಲ್ಲ. ಹಾಡಲಿ, ಬೈಯಲಿ, ದೇವರ ಹೆಸರು ಹೇಳಲಿ, ದನಿ ಮೇಲೆ ಬರುತ್ತಿರಬೇಕು. ದನಿ ನಿಂತಿತೋ, ಮೇಲಿನವನು ಕೇಳಬಾರದು, ನೋಡಬಾರದು, ಎಳೆದುಬಿಡಬೇಕು. ಹೀಗೆ ಎಳೆದು ಕಾಕಾ ಉಳಿಸಿದ ಜೀವಗಳು ಊರಲ್ಲಿ ಓಡಾಡಿಕೊಂಡಿದ್ದವು, ಮತ್ತೆ ಅವೇ ಕಟ್ಟೆಯ ಮೇಲೆ ಕುಳಿತು ಅಂಜುಬುರುಕ ಎನ್ನುತ್ತಿದ್ದವು.

ಇಳಿಯುವವನು ಹೆಚ್ಚಾಗಿ ಮೆಹಬೂಬ. ಕಾಕಾನ ಹೆಂಡತಿ ಹಾಜರಾಬಿಯ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ. ತಾಯಿಯಿಲ್ಲದ ಅವನನ್ನು ಆಕೆ ತನ್ನ ಮಗನಂತೆ ಬೆಳೆಸಿ, ಹಿಂದಿನ ವರ್ಷ ನೂಲ್ವಿಯ ತಾಜಬಿಯನ್ನು ತಂದು ಮದುವೆ ಮಾಡಿದ್ದಳು. ಮೆಹಬೂಬ ಅಂಜುವ ಕುಳ ಅಲ್ಲ. ಕುಣಿಯೊಳಗಿನಿಂದ ಅವನು ಕೂಗುವುದನ್ನು ಕೇಳಲಿಕ್ಕೆ ಓಣಿಯ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. "ಭಾವಾ, ಇಲ್ಲೆ ನಿಮ್ಮ ಅಜ್ಜ ಕುಂತಾನ್ರಿ, ಜೋಳ ತಿನ್ನಾಕತ್ತಾನ, ನಿಮಗ ಸಲಾಂ ಹೇಳ್ಯಾನ!" ಮೇಲೆ ಹಗ್ಗ ಹಿಡಿದ ಕಾಕಾ ನಗುತ್ತಿರಲಿಲ್ಲ. "ಮಾತಾಡು ಮಗನ, ಇನ್ನೂ ಮಾತಾಡು" ಎನ್ನುತ್ತಿದ್ದ.

ಲಡಾಯಿ ಜೋರು ಹತ್ತಿದ ವರ್ಷಗಳು ಅವು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಸಿಪಾಯಿಗಳನ್ನು ತುಂಬಿಕೊಂಡ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ನಮ್ಮೂರ ಹಗೇವುಗಳಲ್ಲಿ ಅರ್ಧಕ್ಕರ್ಧ ಬಸಣ್ಣ ಸಾಹುಕಾರರವು. ಹುಬ್ಬಳ್ಳಿಯಲ್ಲಿ ಅವರ ಜೋಳದ ಮತ್ತು ಅರಳೆಯ ವ್ಯಾಪಾರ. ಆ ಬಸಣ್ಣನವರಿಗೆ ಆಗ ಕರೇಗುಡ್ಡದ ಹುಚ್ಚು ಹಿಡಿಯಿತು. ಹುಬ್ಬಳ್ಳಿಯಿಂದ ಅರ್ಧ ದಿನದ ಗಾಡಿ ದಾರಿಯಲ್ಲಿ ಆ ಗುಡ್ಡ. ಹಿಂದಿನ ಲಡಾಯಿಯ ಕಾಲಕ್ಕೆ ಯಾವುದೋ ಕಂಪನಿ ಅಲ್ಲಿ ಗಣಿ ತೋಡಿ, ಕರೇ ಕಲ್ಲು ತೆಗೆದು, ಲಡಾಯಿ ಮುಗಿದ ಮೇಲೆ ಹಾಗೆಯೇ ಬಿಟ್ಟು ಹೋಗಿತ್ತು. ಮ್ಯಾಂಗನೀಸ್ ಎನ್ನುತ್ತಾರೆ ಅದಕ್ಕೆ. ತೋಪು ಮಾಡುವ ಉಕ್ಕಿಗೆ ಆ ಕಲ್ಲು ಬೇಕೇ ಬೇಕಂತೆ. ಸರ್ಕಾರದ ಸಾಹೇಬರು ಬಂದು ನೋಡುವುದಿತ್ತು; ಅದಕ್ಕೂ ಮೊದಲು ಒಳಗೆ ಎಷ್ಟು ದೂರ ಹೋಗಬಹುದು, ಕೊನೆಯಲ್ಲಿ ಎಂಥ ಕಲ್ಲು ಉಳಿದಿದೆ ಎಂದು ಯಾರಾದರೂ ಹೋಗಿ ತರಬೇಕಾಗಿತ್ತು.

ಕತ್ತಲೆಯಲ್ಲಿ ನೆಲದೊಳಗೆ ಇಳಿಯುವವರು ಯಾರು? ಹಗೇವಿನವರು. ಬಸಣ್ಣನವರು ತಾವೇ ನಡೆದು ಕಾಕಾನ ಮನೆಗೆ ಬಂದರು. ನಡುವಿನ ಗೋಡೆ ಮೋಟು, ನಾನು ಈಚೆ ಜೋಳ ಹಸನು ಮಾಡುತ್ತ ಎಲ್ಲ ಕೇಳಿದೆ.

"ನನಗ ಆಗೂದಿಲ್ರಿ ಸಾಹುಕಾರ್ರ" ಎಂದ ಕಾಕಾ. "ಹಗೇವು ಅಂದ್ರ ಮ್ಯಾಲ ನೋಡಿದ್ರ ಆಕಾಶ ಕಾಣತೈತಿ. ಅದು ಗುಡ್ಡದ ಹೊಟ್ಟಿ. ನನಗ ಅಂಜಿಕಿ ಆಗತೈತಿ."

ಮೆಹಬೂಬ ಅಲ್ಲೇ ಇದ್ದ. "ನಾ ಹೊಕ್ಕೇನ್ರಿ ಧಣಿ" ಎಂದುಬಿಟ್ಟ. "ಭಾವಾ ಮನ್ಯಾಗ ಇರ್ಲಿ. ಅಕ್ಕಾಗ ರೊಟ್ಟಿ ಬಡ್ಯಾಕ ಕೈಗೂಡಸ್ತಾನ." ಸುಡಲಿ ಆ ನಗೆ, ಈಗಲೂ ನನ್ನ ಕಿವಿಯಲ್ಲಿದೆ.

ಅವರು ಹೋದ ಮೇಲೆ ಹಾಜರಾಬಿ ಗಂಡನ ಎದುರು ಕುಳಿತಳು. ಆಕೆ ಅಳುವ ಪೈಕಿ ಹೆಂಗಸಲ್ಲ. ಅಂದು ಮಾತ್ರ ಗಂಡನ ಎರಡೂ ಕೈ ಹಿಡಿದುಕೊಂಡಳು. "ಅಂವ ನನ್ನ ಮಾತ ಕೇಳೂದಿಲ್ಲ, ಹೋಗೇ ಹೋಗತಾನ. ನೀವು ಒಳಗ ಹೋಗಬ್ಯಾಡ್ರಿ. ಹಗ್ಗ ಅಷ್ಟ ಹಿಡೀರಿ. ನಿಮ್ಮ ಕೈಯಾಗ ಹಗ್ಗ ಐತಿ ಅಂದ್ರ ನಾ ನಿಶ್ಚಿಂತಿಲೆ ಇರ್ತೇನಿ. ಅವನ್ನ ನನಗ ತಿರುಗಿ ತಂದು ಕೊಡ್ರಿ." ಕಾಕಾ ಎದ್ದು ಹೋಗಿ ಹೊಸ ಹಗ್ಗ ಹೊಸೆಯಲಿಕ್ಕೆ ಪುಂಡಿ ನಾರು ನೆನೆಹಾಕಿದ.

ಬಸಣ್ಣನವರ ಎತ್ತಿನ ಗಾಡಿ ಹೊಡೆಯುತ್ತಿದ್ದವರು ನಮ್ಮ ಮನೆಯವರು. ಹಾಗಾಗಿ ಕರೇಗುಡ್ಡಕ್ಕೆ ಇಬ್ಬರನ್ನೂ ಕರೆದುಕೊಂಡು ಹೋದವರೂ ಅವರೇ. ಅಲ್ಲಿ ನಡೆದದ್ದರಲ್ಲಿ ಅರ್ಧವನ್ನು ನಾನು ಅವರ ಬಾಯಿಂದ ಕೇಳಿದ್ದು. ಉಳಿದದ್ದನ್ನು ಹಾಜರಾಬಿ ಹೇಳಿದಳು. ಅವರು ಹೊರಟ ಬೆಳಿಗ್ಗೆ ತಾಜಬಿ ಬಾಗಿಲಲ್ಲಿ ನಿಂತು ಗಾಡಿ ಮರೆಯಾಗುವ ತನಕ ನೋಡಿದಳು. ಹಾಜರಾಬಿ ನೋಡಲಿಲ್ಲ, ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು.

ಗಣಿಯ ಬಾಯಿಗೆ ಕಂಟಿ ಬೆಳೆದು ಮುಚ್ಚಿಹೋಗಿತ್ತು. ಕಾಕಾ ಹಗೇವಿನ ಪದ್ಧತಿಯನ್ನು ಒಂದಿಷ್ಟೂ ಬಿಡಲಿಲ್ಲ. ಬಸಣ್ಣನವರ ಆಳುಗಳಿಂದ ಕಂಟಿ ಕಡಿಸಿ, ಗಾಳಿ ಆಡಲಿ ಎಂದು ಒಂದು ದಿನ ಹಾಗೇ ಬಿಡಿಸಿದ. ಬಾವಲಿಗಳು ಗುಂಪುಗುಂಪಾಗಿ ಹೊರಗೆ ಬಂದವು. ಮರುದಿನ ಉದ್ದನ್ನ ಬಿದಿರಿಗೆ ಕಂದೀಲು ಕಟ್ಟಿ ಒಳಗೆ ಚಾಚಿದ. ದೀಪ ಅಲುಗಲಿಲ್ಲ, ಸಣ್ಣಗಾಗಲಿಲ್ಲ. ಇನ್ನೂ ಮುಂದೆ ಹೋಗಿ ಚಾಚಿದ. ಅಲ್ಲಿಯೂ ಛಲೋ ಉರಿಯಿತು. ಅವನ ಮುಖದಲ್ಲಿ ಜೀವ ಬಂತು ಎಂದು ನಮ್ಮ ಮನೆಯವರು ಹೇಳುತ್ತಿದ್ದರು.

ಏನು ಹೇಳಲಿ! ಹಗೇವಿನಲ್ಲಿ ಕೇಡು ಇರುವುದು ಕೆಳಗೆ, ತಳದಲ್ಲಿ. ಆತ ಹುಟ್ಟಿದಾಗಿನಿಂದ ಅಂಜಿದ್ದು ಕೆಳಗಿನದಕ್ಕೆ, ಕಾಣದ ಗಾಳಿಗೆ. ತಲೆಯ ಮೇಲೆ ನೋಡುವ ರೂಢಿ ಅವನಿಗೆ ಇರಲೇ ಇಲ್ಲ. ಸುರಂಗ ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಎಡಕ್ಕೆ ಹೊರಳುತ್ತಿತ್ತು. ಆ ಹೊರಳಿನಲ್ಲಿ ತಲೆಯ ಮೇಲಿನ ಮಾಳಿಗೆ ಕುಸಿಯದಂತೆ ಕಂಪನಿಯವರು ಮರದ ಕಂಬ ನಿಲ್ಲಿಸಿದ್ದರು. ಇಷ್ಟು ವರ್ಷ ಗೆದ್ದಲು ತಿಂದು ಅದರೊಳಗೆ ಹಿಟ್ಟು ಬಿಟ್ಟರೆ ಏನೂ ಉಳಿದಿರಲಿಲ್ಲ. ಕಾಕಾ, ಮೆಹಬೂಬ, ನಮ್ಮ ಮನೆಯವರು, ಮೂವರೂ ಆ ಕಂಬ ನೋಡಿದರು, ಮೂವರೂ ಅದರ ಬಗ್ಗೆ ಮಾತಾಡಲಿಲ್ಲ.

ಕಾಕಾ ಹೊರಗಿನ ಬೆಳಕು ಕಾಣುವ ಜಾಗದಲ್ಲಿ ನಿಂತ. ಮೆಹಬೂಬನ ಸೊಂಟಕ್ಕೆ ತಾನೇ ಗಂಟು ಹಾಕಿದ, ಜಗ್ಗಿ ನೋಡಿದ. ಅವನು ಕಂದೀಲು ಹಿಡಿದು ಹೊರಟ. ಹೊರಳು ದಾಟಿದ. ಹಗ್ಗ ಆ ಕಂಬಕ್ಕೆ ತಾಗಿ, ಬಳಸಿಕೊಂಡು ಒಳಗೆ ಸರಿಯತೊಡಗಿತು.

"ಭಾವಾ, ಕೇಳಾಕತ್ತೈತೇನ್ರಿ?"

"ಕೇಳಾಕತ್ತೈತಿ. ಮಾತಾಡಕೋತ ಹೋಗು."

"ಇಲ್ಲೆ ಗ್ವಾಡಿ ಎಲ್ಲಾ ಕರ್ರಗೈತ್ರಿ. ನಿಮ್ಮ ಮಾರಿಗಿಂತ ಕರ್ರಗೈತಿ!"

ತಮ್ಮ ಮೋಟಾರಿನಲ್ಲಿ ಬಂದು ಗಣಿಯ ಬಾಯಲ್ಲಿ ನಿಂತಿದ್ದ ಬಸಣ್ಣನವರು ಜೋರಾಗಿ ನಕ್ಕರು. ಹಗ್ಗ ಸರಿಯುತ್ತಿತ್ತು. ಮೆಹಬೂಬನ ದನಿ ದೂರವಾಗುತ್ತ, ದಪ್ಪಗಾಗುತ್ತ ಹೋಯಿತು. ಏನನ್ನುತ್ತಾನೆ ಎಂದು ತಿಳಿಯದಿದ್ದರೂ ದನಿ ಬರುತ್ತಿತ್ತು. ಆಮೇಲೆ ಹಗ್ಗ ನಿಂತಿತು. ಅದರ ಹಿಂದೆಯೇ ದನಿಯೂ ನಿಂತಿತು.

ಕಾಕಾ ಒಮ್ಮೆ ಕೂಗಿದ. ಉತ್ತರ ಇಲ್ಲ.

ಎಳೆದ. ಹಗ್ಗ ಬರಲಿಲ್ಲ. ಜ್ಞಾನ ತಪ್ಪಿದ ಮನುಷ್ಯ ಹಗ್ಗದ ತುದಿಯಲ್ಲಿ ಹಾಗೆಯೇ ಹೆಣಭಾರ ಇರುತ್ತಾನೆ. ಆ ಭಾರ ಕಾಕಾನ ಕೈಗೆ ಗೊತ್ತಿತ್ತು. "ಮಡಿವಾಳಪ್ಪಾ, ಬಾರೋ! ಝಳ ಹೊಡೀತು! ಹಿಡಿ, ಎಳಿ!" ಎಂದು ನಮ್ಮ ಮನೆಯವರ ಹೆಸರು ಹಿಡಿದು ಚೀರಿದ. ನಮ್ಮ ಮನೆಯವರು ಓಡಿ ಹೋಗಿ ಕೈ ಕೊಟ್ಟರು. ಇಬ್ಬರೂ ಕಾಲು ಊರಿ, ಉಸಿರು ಕಟ್ಟಿ ಎಳೆದರು. ಹಗ್ಗ ಹೊರಳಿನ ಕಂಬಕ್ಕೆ ಸಿಕ್ಕಿಬಿದ್ದಿತ್ತು; ಅವರು ಎಳೆದದ್ದು ಮೆಹಬೂಬನನ್ನಲ್ಲ, ಕಂಬವನ್ನು. ಕಂಬದ ಬುಡ ಕಿತ್ತು ಬಂತು.

ಮೊದಲು ಸಣ್ಣಗೆ ಹರಳು ಉದುರಿದ ಸಪ್ಪಳ, ಆಮೇಲೆ ಗುಡ್ಡವೇ ಕೆಮ್ಮಿದ ಹಾಗೆ ಒಂದು ಸದ್ದು. ಕರೇ ಧೂಳು ಬಂದು ಇಬ್ಬರನ್ನೂ ಕೆಡವಿತು. ಕಣ್ಣು ಬಿಟ್ಟಾಗ ಹೊರಳು ಇರಲಿಲ್ಲ, ಅಲ್ಲಿ ಕಲ್ಲಿನ ರಾಶಿ ಇತ್ತು. ತುಂಡಾದ ಹಗ್ಗ ಕಾಕಾನ ಕೈಯಲ್ಲೇ ಇತ್ತು.

"ಎಲ್ರೂ ಹೊರಗ ಬರ್ರಿ! ಎಲ್ರೂ ಬರ್ರಿ!" ಎಂದು ಬಸಣ್ಣನವರು ಬಾಯಿಬಾಯಿ ಬಡಿದುಕೊಂಡರು. ನಮ್ಮ ಮನೆಯವರು ಓಡಿದರು. ಅದನ್ನು ಅವರು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಓಡಿದ್ದಕ್ಕೇ ನನ್ನ ಕುಂಕುಮ ಉಳಿಯಿತು ಎಂದು ಅಂದು ದೇವರಿಗೆ ಕೈ ಮುಗಿದೆ. ಕಾಕಾ ಓಡಲಿಲ್ಲ. ನಿಂತಲ್ಲೇ ನಡುಗುತ್ತಿದ್ದ, ಹಲ್ಲು ಕಟಕಟ ಅನ್ನುತ್ತಿದ್ದವು. ಅಷ್ಟರಲ್ಲಿ ರಾಶಿಯ ಹಿಂದಿನಿಂದ, ತೀರ ಸಣ್ಣಗೆ, "ಭಾವಾ" ಎಂದು ಕೇಳಿಸಿತು.

ರಾಶಿಗೂ ಮಾಳಿಗೆಗೂ ನಡುವೆ ಒಂದು ಸಂದಿ ಇತ್ತು, ನಾಯಿ ನುಸುಳುವಷ್ಟು. ಮೇಲಿನಿಂದ ಮಣ್ಣು ಉದುರುತ್ತಲೇ ಇತ್ತು. ಕಾಕಾ ಅದರೊಳಗೆ ತಲೆ ಹಾಕಿದ. ಕಲ್ಲು ಬೆನ್ನು ಕೆರೆಯಿತು, ಅಂಗಿ ಹರಿಯಿತು. ನಡುವೆ ಸಿಕ್ಕಿಬಿದ್ದು ಹಿಂದೂ ಹೋಗಲಾರದೆ ಮುಂದೂ ಹೋಗಲಾರದೆ ಮಲಗಿದ್ದಾಗ ತನಗೆ ಉಚ್ಚೆ ಹೋಯಿತು ಎಂದು ಆತನೇ ಹೆಂಡತಿಯ ಮುಂದೆ ಹೇಳಿದ್ದನಂತೆ. ಹೇಗೋ ಆಚೆ ಬಿದ್ದ. ಮೆಹಬೂಬನ ಕಂದೀಲು ಬದಿಗೆ ಉರುಳಿ ಇನ್ನೂ ಉರಿಯುತ್ತಿತ್ತು. ಒಂದು ತೊಲೆ ಅವನ ತೊಡೆಗಳ ಮೇಲೆ ಅಡ್ಡ ಬಿದ್ದಿತ್ತು. ತೊಲೆಯ ಮೇಲೆ ಬಂಡೆ. ಬಂಡೆಯ ಮೇಲೆ ಇನ್ನೇನೇನೋ.

ಕಾಕಾ ತೊಲೆಗೆ ಹೆಗಲು ಕೊಟ್ಟ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ, ಮೇಲಿನಿಂದ ಮಾತ್ರ ಕಲ್ಲು ಉದುರಿದವು. ಸಂದಿಗೆ ಬಾಯಿ ಕೊಟ್ಟು ಕೂಗಿದ: "ಮಡಿವಾಳಪ್ಪಾ, ಜೀವ ಐತಿ! ಗೌಸಮೊದ್ದೀನಗ ಹೇಳಿ ಕಳಸ್ರಿ! ಜ್ಯಾಕ್ ತರ್ಲಿ!" ಗೌಸಮೊದ್ದೀನ ಕಮರುದ್ದೀನನ ಚಿಕ್ಕಪ್ಪನ ಮಗ, ಹುಬ್ಬಳ್ಳಿಯ ರೇಲ್ವೆ ವರ್ಕಶಾಪಿನಲ್ಲಿ ಫಿಟ್ಟರ್. ಬಸಣ್ಣನವರು ಒಂದು ಕ್ಷಣ ತಡಮಾಡದೆ ಮೋಟಾರು ಓಡಿಸಿದರು. ಆ ಮಟ್ಟಿಗೆ ಅವರನ್ನು ನಾನು ಬೈಯುವುದಿಲ್ಲ.

ಆಮೇಲೆ ಕಾಯುವುದು. ಹೊರಗಿನವರು ಕೂಗುತ್ತಿದ್ದರು, "ಕಮರುದ್ದೀನಾ, ಹೊರಗ ಬಾ, ಮತ್ತ ಬೀಳತೈತಿ". ಆತ ಮೆಹಬೂಬನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಒಂದೊಂದು ಹರಳು ಬಿದ್ದಾಗಲೂ ಮೈಯೆಲ್ಲ ಅದುರುತ್ತಿತ್ತು.

"ಹೋಗ್ರಿ ಭಾವಾ" ಎಂದ ಮೆಹಬೂಬ. "ನಿಮ್ಮ ಮೈ ನಡಗಾಕತ್ತೈತಿ."

"ನಡಗ್ಲಿ ಬಿಡು."

"ಅಂಜಿಕಿ ಬರ್ತದಲ್ರಿ ನಿಮಗ?"

"ಬಂದೈತಿ. ಕಾಲಾಗ ಜೀವ ಇಲ್ಲ. ಹೋಗೂಣ ಅಂದ್ರ ಏಳಾಕ ಬರವಲ್ದು, ಅದಕ್ಕ ಕುಂತೇನಿ."

ಅಷ್ಟು ನೋವಿನಲ್ಲಿಯೂ ಮೆಹಬೂಬನಿಗೆ ನಗೆ ಬಂತಂತೆ. ನಗು ಮುಗಿದ ಮೇಲೆ ಕಾಕಾ ಹೇಳಿದ. ತಡೆಯಲಾಗಲಿಲ್ಲ ಅವನಿಗೆ. "ಹಗ್ಗ ನಾ ಎಳದೇನಿ ಮೆಹಬೂಬ. ಕಂಬ ನಾನ ಕಿತ್ತೇನಿ. ನಿನ್ನ ದನಿ ನಿಂತಿತ್ತು, ಝಳ ಹೊಡೀತು ಅಂತ ತಿಳದೆ."

ಆಗ ಮೆಹಬೂಬ ತಾನೂ ಹೇಳಿದ. "ಝಳ ಹೊಡೀಲಿಲ್ರಿ ಭಾವಾ. ಮುಂದ ನೀರಿತ್ತು. ಕರ್ರನ ನೀರು. ಮೊಣಕಾಲಮಟ ಇರಬೇಕಂತ ಕಾಲಿಟ್ಟೆ, ತಳಾನ ಸಿಗಲಿಲ್ಲ. ಗ್ವಾಡಿ ಹಿಡಕೊಂಡು ಹಿಂದ ಸರದೆ. ಆವಾಗ ಬಾಯಿ ಬಿಟ್ರ ದನಿ ಹೊರಡವಲ್ದು. ನೀವು ಕೂಗಿದ್ದು ಕೇಳಸ್ತು. ಓ ಅನ್ನಾಕ ಆಗ್ಲಿಲ್ಲ. ಜೀವನದಾಗ ಅಂಥಾ ಅಂಜಿಕಿ ನನಗ ಯಾವತ್ತೂ ಆಗಿದ್ದಿಲ್ಲ. ಹೊಳ್ಳಿ ಓಡಿ ಬಂದೆ ಭಾವಾ, ಕುರುಡನಂಗ ಓಡಿ ಬಂದೆ. ಈ ಹೊರಳ್ಯಾಗ ಬಂದೆ, ಮ್ಯಾಲಿಂದ ಬಿತ್ತು." ಇಷ್ಟು ಹೇಳಿ ಅವನು ಚಿಕ್ಕ ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. "ಈಗೂ ಅಂಜಿಕಿ ಆಗತೈತ್ರಿ. ನನ್ನ ಕೈ ಬಿಡಬ್ಯಾಡ್ರಿ." ಕಾಕಾ ಬಿಡಲಿಲ್ಲ.

ಅಂಜಿಕೆ ಬಂದಾಗ ಅದನ್ನು ಬಾಯಿಬಿಟ್ಟು ಕೂಗುವುದನ್ನು ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ. ಎಲ್ಲರೂ ಅವನ ಧೈರ್ಯಕ್ಕೆ ಶಹಬ್ಬಾಸ್ ಎಂದವರೇ. ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹೊತ್ತು ಇಳಿಯುತ್ತಿದ್ದಾಗ ಗೌಸಮೊದ್ದೀನ ಬಂದ. ಜ್ಯಾಕನ್ನು ಮುಂದೆ ನೂಕುತ್ತ ಅದೇ ಸಂದಿಯಿಂದ ನುಸುಳಿ ಬಂದು, ತೊಲೆಯ ಕೆಳಗೆ ಕಲ್ಲು ಒಟ್ಟಿ, ಜ್ಯಾಕ್ ನಿಲ್ಲಿಸಿದ. ಕಾಕಾ ಮೆಹಬೂಬನ ಕಂಕುಳಿಗೆ ಕೈ ಹಾಕಿ ಹಿಡಿದ. "ತೊಲಿ ಎದ್ದ ಕೂಡಲೇ ನಾ ಎಳಿ ಅಂತೇನಿ, ಎಳದಬಿಡು" ಎಂದ ಗೌಸಮೊದ್ದೀನ.

ಕಾಕಾ ಬಗ್ಗಿ ಮೆಹಬೂಬನ ಕಿವಿಯಲ್ಲಿ ಹೇಳಿದ, "ಮಾತಾಡಕೋತ ಇರು. ನನಗ ಬೈ. ದಿನಾ ಬೈತಿದ್ದೆಲ್ಲ, ಹಂಗ ಬೈ."

ಜ್ಯಾಕ್ ಕಿರುಗುಟ್ಟಿತು. ಮೆಹಬೂಬ ಬೈಯಲಿಕ್ಕೆ ಶುರು ಮಾಡಿದ. ಉಸಿರು ಸಾಲುತ್ತಿರಲಿಲ್ಲ. "ಭಾವಾ, ನೀವು ಅಂಜುಬುರುಕ. ನಿಮ್ಮ ಅಪ್ಪ ಅಂಜುಬುರುಕ. ನಿಮ್ಮ ಅಜ್ಜ ಹಗೇವಿನ್ಯಾಗ..." ತೊಲೆ ಎದ್ದಿತು. ಅವನ ದನಿ ನಿಂತಿತು.

"ಎಳಿ!" ಎಂದ ಗೌಸಮೊದ್ದೀನ.

ಕಾಕಾನ ಕೈ ಏಳಲಿಲ್ಲ. "ಎಳದ್ರ ಬೀಳತೈತಿ" ಎಂದ. "ಎಳಿ ಭಾಯಿ!" ಎಂದು ಗೌಸಮೊದ್ದೀನ ಮತ್ತೆ ಚೀರಿದ. "ಎಳದ್ರ ಬೀಳತೈತೋ, ಎಳದ್ರ ಬೀಳತೈತಿ" ಎಂದು ಕಾಕಾ ಅದನ್ನೇ ಅನ್ನುತ್ತ ಕುಳಿತುಬಿಟ್ಟ. ಗೌಸಮೊದ್ದೀನ ಅವನನ್ನು ಬದಿಗೆ ನೂಕಿ ತಾನೇ ಎಳೆದುಕೊಂಡ. ಏನೂ ಬೀಳಲಿಲ್ಲ. ಕಲ್ಲು ಸರಿಸಿ ಸಂದಿ ಅಗಲ ಮಾಡಿ, ಹೊರಗಿದ್ದವರೆಲ್ಲ ಕೈ ಕೊಟ್ಟು ಮೆಹಬೂಬನನ್ನು ಬಯಲಿಗೆ ತಂದರು. ಇನ್ನೂ ಬಿಸಿಲಿತ್ತು. ನಮ್ಮ ಮನೆಯವರು ಅವನ ಮೂಗಿಗೆ ಬೆರಳು ಹಿಡಿದು ನೋಡಿದರು. ಉಸಿರು ಇರಲಿಲ್ಲ. ಅವನ ಒಂದು ಕೈ ಕಾಕಾನ ಹರಿದ ಅಂಗಿಯನ್ನು ಹಿಡಿದೇ ಇತ್ತು, ಬಿಡಿಸಬೇಕಾಯಿತು.

ಮರುದಿನ ಬೆಳಗಿನ ಜಾವ ಗಾಡಿ ಬಂದು ನಿಂತಾಗ ನಾನು ಮೊದಲು ನೋಡಿದ್ದು ನನ್ನ ಗಂಡನ ಮುಖ. ಹಾಜರಾಬಿ ಬರಿಗಾಲಲ್ಲಿ ಓಡಿ ಬಂದಳು, ಗಾಡಿಯೊಳಗೆ ನೋಡಿದಳು, ತಿರುಗಿ ಗಂಡನನ್ನು ನೋಡಿದಳು.

"ನಿಮ್ಮ ಕೈಯಾಗ ಹಗ್ಗ ಇತ್ತಲ್ರಿ?"

"ಇತ್ತು. ನಾನ ಎಳದೆ, ಅದಕ್ಕ ಬಿತ್ತು" ಎಂದ ಕಾಕಾ. ಅಷ್ಟು ಜನರ ನಡುವೆ ಹೇಳಿದ. ಬಾಯಿ ಮುಚ್ಚಿಕೊಂಡಿದ್ದರೆ ಯಾರು ಕೇಳುತ್ತಿದ್ದರು? ಹಾಜರಾಬಿ ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು, ಗುದ್ದಿ ಗುದ್ದಿ ಸೋತು ಅವನ ಕಾಲ ಬಳಿಯೇ ಕುಸಿದಳು. ತಾಜಬಿಯ ಬಾಯಿಂದ ಒಂದು ಶಬ್ದವೂ ಬರಲಿಲ್ಲ, ಗೋಡೆಗೆ ಒರಗಿ ನಿಂತೇ ಇದ್ದಳು. ನಾನು ಹೋಗಿ ಹಿಡಿದುಕೊಂಡೆ.

ಇನ್ನು ಊರು ಬಿಟ್ಟೀತೇ? ಅಂಜಿ ಹಗ್ಗ ಎಳೆದು ಮೈದುನನನ್ನು ಕೊಂದ, ಅಂಜಿ ಎಳೆಯದೆ ಮತ್ತೊಮ್ಮೆ ಕೊಂದ. ಇದೇ ಮಾತು ಕಟ್ಟೆಯ ಮೇಲೆ, ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ. ನಾನು ಜಗಳಾಡಿದೆ, ಅತ್ತೆ ಬೈದರೂ ಬಿಡಲಿಲ್ಲ. ಕಾಕಾ ಮಾತ್ರ ಯಾರಿಗೂ ಎದುರಾಡಲಿಲ್ಲ. ಎಳೆದದ್ದು ತಪ್ಪಾಯಿತೋ ಎಳೆಯದೇ ಇದ್ದದ್ದು ತಪ್ಪಾಯಿತೋ ಎಂದು ಹೆಂಡತಿಯನ್ನು ಕೇಳುತ್ತಿದ್ದನಂತೆ. ಆಕೆಯಾದರೂ ಏನು ಹೇಳಿಯಾಳು? ಒಳಗೆ ನಡೆದದ್ದನ್ನೆಲ್ಲ, ಮೆಹಬೂಬ ಅತ್ತದ್ದನ್ನೂ ಸೇರಿಸಿ, ಆಕೆಗೊಬ್ಬಳಿಗೇ ಹೇಳಿದ್ದ. ಆಕೆ ಒಂದು ದಿನ ತಡೆಯಲಾರದೆ ನನ್ನ ಮುಂದೆ ಹೇಳಿ ಅತ್ತಳು.

ಆ ನಡುವೆ ಸಾಹೇಬರು ಕರೇಗುಡ್ಡಕ್ಕೆ ಬಂದರು. ಸುರಂಗದ ಬಾಯಿಗೆ ಕೂಡ ಹೋಗಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಅಡ್ಡಾಡಿ, ಇಲ್ಲಿ ಮೇಲೆಯೇ ಬೇಕಾದಷ್ಟು ಕಲ್ಲಿದೆ, ಮಣ್ಣು ಸರಿಸಿ ಒಡೆದುಕೊಳ್ಳಿರಿ ಎಂದು ಹೇಳಿ ಹೋದರು. ಲಡಾಯಿ ಮುಗಿಯುವ ತನಕ ಅಲ್ಲಿಂದ ಗಾಡಿಗಟ್ಟಲೆ ಕಲ್ಲು ಸ್ಟೇಷನ್ನಿಗೆ ಹೋಯಿತು. ಒಳಗೆ ಯಾರೂ ಕಾಲಿಡಲಿಲ್ಲ, ಕಾಲಿಡುವ ಅಗತ್ಯವೇ ಇರಲಿಲ್ಲ. ಇದನ್ನು ಕೇಳಿದ ದಿನ ನಾನು ಬಸಣ್ಣನವರ ಅಂಗಡಿಯ ದಿಕ್ಕಿಗೆ ಮುಖ ಮಾಡಿ ಮಣ್ಣು ತೂರಿದೆ.

ತಾಜಬಿಯ ಇದ್ದತ್ ಮುಗಿಯಿತು. ಗಂಡ ಸತ್ತ ಮೇಲೆ ಅವರಲ್ಲಿ ಹೆಂಗಸರು ಹೊರಗೆ ಬರದೆ ಕಳೆಯಬೇಕಾದ ದಿನಗಳು ಅವು. ಆಕೆಯನ್ನು ನೂಲ್ವಿಗೆ ಕರೆದೊಯ್ಯಲು ತವರಿನವರು ಗಾಡಿ ತಂದರು. ಬಟ್ಟೆ ಕಟ್ಟಿಕೊಡಲು ನಾನು ಹೋಗಿದ್ದೆ. ಕಾಕಾ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅಷ್ಟು ತಿಂಗಳಲ್ಲಿ ಆಕೆ ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಹೊರಡುವಾಗ ಬಾಗಿಲ ಪರದೆಯ ಹಿಂದೆ ನಿಂತಳು. ಶಾಪ ಹಾಕುತ್ತಾಳೆ, ಹಾಕಿದರೆ ಈ ಮನುಷ್ಯ ಇಲ್ಲಿಯೇ ಬಿದ್ದು ಸಾಯುತ್ತಾನೆ ಎಂದುಕೊಂಡೆ.

"ಭಾಯಿ" ಎಂದಳು. "ಒಂದು ಕೇಳತೇನಿ, ಖರೇ ಹೇಳ್ರಿ. ಮಂದಿ ಏನೇನರ ಮಾತಾಡತಾರ, ನನಗ ಅದು ಬ್ಯಾಡ. ನೀವು ಸಂಗಾಟ ಇದ್ರಿ. ಒಳಗ ಕತ್ತಲ್ಯಾಗ, ಅವರಿಗೆ ಭಾಳ ಅಂಜಿಕಿ ಆಗಿತ್ತೇನ್ರಿ? ನಿದ್ದಿ ಬರೂದಿಲ್ಲ ನನಗ. ಕಣ್ಣ ಮುಚ್ಚಿದ್ರ ಅವರು ಅಂಜಿ ಕೂಗಿದಂಗ ಆಗತೈತಿ."

ಹಾಜರಾಬಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕಾಕಾ ತಲೆ ಎತ್ತಿ ಪರದೆಯ ಕಡೆ ನೋಡಿದ.

"ಇಲ್ಲವ್ವಾ" ಎಂದ. "ಅಂವ ಅಂಜಲಿಲ್ಲ. ಕಡೀತನಕಾ ನನಗ ಚಾಷ್ಟಿ ಮಾಡಿ ನಗಕೋತ, ಧೈರ್ಯ ಹೇಳಕೋತ ಇದ್ದ. ಅಂಜಿದಾಂವ ನಾನು. ಊರ ಮಂದೀನ ಕೇಳು ಬೇಕಾರ. ಒಳಗ ಕೂಗಿದ್ರ, ಅತ್ತಿದ್ರ, ಅದು ನಾನು."

ಪರದೆಯ ಹಿಂದೆ ತಾಜಬಿ ಅಳಲಿಕ್ಕೆ ಹತ್ತಿದಳು. ಮೆಹಬೂಬ ಸತ್ತ ಮೇಲೆ ಆಕೆ ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಸಾಕಾಗುವಷ್ಟು ಅತ್ತು, ಮುಖ ತೊಳೆದುಕೊಂಡು ಬಂದು, ಕಾಕಾನಿಗೆ ಸಲಾಂ ಮಾಡಿ ಗಾಡಿ ಹತ್ತಿದಳು. ಗಾಡಿ ಓಣಿ ದಾಟುವ ತನಕ ಕಾಕಾ ಅಲ್ಲಿಯೇ ನಿಂತಿದ್ದ. ಆಮೇಲೆ ಹಾಜರಾಬಿ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.